ಸಂಘದ ಪ್ರತಿನಿಧಿ ಆದ್ರಾ? ನೀವಿಲ್ದೇನೂ ಸಂಘ ನಡೆಯೋ ಹಾಗೆ ಮಾಡೋಕೆ ಒಂದು ಪೂರ್ತಿ ಗೈಡ್

ಸ್ವಸಹಾಯ ಸಂಘಗಳಲ್ಲಿ ಪ್ರತಿನಿಧಿ ಆಯ್ಕೆ ಆಗೋದು ಎಷ್ಟೋ ಕಡೆ ಎರಡೇ ನಿಮಿಷದಲ್ಲಿ. "ನಿಂಗೆ ಓದಕ್ಕೆ ಬರಿಯಕ್ಕೆ ಬರತ್ತೆ, ಬ್ಯಾಂಕಲ್ಲಿ ಮಾತಾಡೋ ಧೈರ್ಯಾನೂ ಇದೆ, ನೀನೇ ಆಗವ್ವ" ಅಂತ ಯಾರೋ ಒಬ್ರು ಅಂತಾರೆ, ಉಳಿದೋರು ಹೂಂ ಅಂತಾರೆ, ಮುಗೀತು. ಅಲ್ಲಿಂದ ಮುಂದೆ ಪುಸ್ತಕ ಅವರ ಮನೆ ಬೀರುಲಿ, ಸೀಲು ಅವರ ಬ್ಯಾಗಲ್ಲಿ, ಲೆಕ್ಕ ಅವರ ತಲೇಲಿ. ಕೆಲವು ವರ್ಷ ಚೆನ್ನಾಗೇ ನಡೆಯತ್ತೆ. ಆಮೇಲೆ ಮಗಳ ಬಾಣಂತನ ಅಂತ ಅವರು ಮೂರು ತಿಂಗಳು ಊರು ಬಿಟ್ರು ಅಂದ್ರೆ ಸಂಘ ಅಲ್ಲೇ ನಿಂತೋಗತ್ತೆ, ಯಾರದ್ದು ಎಷ್ಟು ಬಾಕಿ ಅಂತ ಕೂಡ ಉಳಿದ ಹದಿನಾಲ್ಕು ಜನಕ್ಕೆ ಗೊತ್ತಿರಲ್ಲ.

ಅಂಥ ಪ್ರತಿನಿಧಿ ಕಳ್ಳಿ ಏನಲ್ಲ, ಬಹಳ ಸಲ ಊರಲ್ಲೇ ಪ್ರಾಮಾಣಿಕ ಹೆಂಗಸು. ಆದ್ರೂ ನನ್ನ ಪ್ರಕಾರ ಅವರು ಮಾಡಿರೋದು ಅರ್ಧ ಕೆಲಸ. ಪ್ರತಿನಿಧಿ ಕೆಲಸ ಅಂದ್ರೆ ಸಂಘ ನಡೆಸೋದಲ್ಲ, ಸಂಘ ನಡೆಸೋಕೆ ಬರೋರನ್ನ ತಯಾರು ಮಾಡೋದು. ಈ ಗೈಡ್ ಪೂರ್ತಿ ಅದರ ಮೇಲೇ ಇದೆ, ಸಾಲ ಎಲ್ಲಿ ಸಿಗತ್ತೆ, ಸಬ್ಸಿಡಿ ಎಷ್ಟು ಅನ್ನೋದೆಲ್ಲ ಇಲ್ಲಿಲ್ಲ.

ಸ್ವಲ್ಪ ಹಿಂದಿನ ಕಥೆ ಹೇಳ್ಬಿಡ್ತೀನಿ, ಯಾಕಂದ್ರೆ ಇದು ಗೊತ್ತಿದ್ರೆ ಸಂಘ ಯಾಕೆ ಹಿಂಗಿದೆ ಅಂತ ಅರ್ಥ ಆಗತ್ತೆ. ಸಹಕಾರ ಅನ್ನೋದು ನಮ್ಮ ಕಡೆ ಹೊಸದಲ್ಲ, ಗದಗ ಹತ್ರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಪತ್ತಿನ ಸಹಕಾರ ಸಂಘ ಕಟ್ಟಿದ್ರು. ಆದ್ರೆ ಈಗಿನ ಸ್ವಸಹಾಯ ಗುಂಪಿನ ರೂಪ ಬಂದಿದ್ದು 1980ರ ದಶಕದ ಮಧ್ಯದಲ್ಲಿ. ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡ್ತಿದ್ದಾಗ ಅಲ್ಲಿನ ದೊಡ್ಡ ಸಹಕಾರ ಸಂಘಗಳು ಕುಸಿದುಬಿದ್ವು, ದೊಡ್ಡೋರದ್ದೇ ದರ್ಬಾರು ಅಂತ ಬೇಸತ್ತ ಜನ ತಮಗೆ ನಂಬಿಕೆ ಇರೋ ಹತ್ತು ಹದಿನೈದು ಮಂದಿ ಸೇರ್ಕೊಂಡು ಸಣ್ಣ ಗುಂಪು ಮಾಡ್ಕೊಂಡ್ರು. ಅದೇ ಮುಂದೆ ಬೆಳೀತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರು ಮಾಡ್ತು, 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು, 2011ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್ ಇಲ್ಲಿ ಸಂಜೀವಿನಿ ಹೆಸರಲ್ಲಿ ಇದೆ. ಅಂದ್ರೆ ಒಬ್ಬರ ಕೈಗೆ ಎಲ್ಲಾ ಹೋಗಬಾರ್ದು ಅಂತಾನೇ ಹುಟ್ಟಿದ್ದು ಈ ಸಣ್ಣ ಗುಂಪು. ಹದಿನೈದು ಜನರ ಒಳಗೂ ಮತ್ತೆ ಒಬ್ಬ ದೊಡ್ಡೋರನ್ನ ಹುಟ್ಟಿಸಿದ್ರೆ ಏನು ಪ್ರಯೋಜನ ಹೇಳಿ.

ಹೆಜ್ಜೆ 1: ಮೊದಲು ಏನೂ ಬದಲಾಯಿಸ್ಬೇಡಿ, ಸುಮ್ನೆ ನೋಡಿ

ಹೊಸದಾಗಿ ಪ್ರತಿನಿಧಿ ಆದೋರಿಗೆಲ್ಲ ಒಂದು ಹುಮ್ಮಸ್ಸಿರತ್ತೆ, ಬಂದ ವಾರಾನೇ ಹೊಸ ರೂಲ್ಸ್, ತಡ ಆದ್ರೆ ಹತ್ತು ರೂಪಾಯಿ ದಂಡ ಅಂತೆಲ್ಲ. ಬೇಡ. ಮೊದಲ ಒಂದೆರಡು ಮೀಟಿಂಗಲ್ಲಿ ಯಾರು ಗೋಡೆಗೆ ಒರಗಿ ಹಿಂದೆ ಕೂತ್ಕೋತಾರೆ, ಯಾರು ಬಾಯೇ ಬಿಡಲ್ಲ, ಯಾರು ಓದದೇನೇ ಸೈನ್ ಹಾಕ್ತಾರೆ, ಇಷ್ಟು ನೋಡಿ.

ಆಮೇಲೆ ಬಿಡುವಾದಾಗ ಒಬ್ಬೊಬ್ಬರ ಮನೆಗೂ ಹೋಗಿ ಮೂರು ಪ್ರಶ್ನೆ ಕೇಳಿ. ಸಂಘದಲ್ಲಿ ನಿಮ್ಮ ಉಳಿತಾಯ ಈಗ ಎಷ್ಟಾಗಿದೆ? ನಿಮ್ಮ ಸಾಲ ಎಷ್ಟು ಬಾಕಿ ಇದೆ? ಹೋದ ಸಲ ಸಾಲ ಕೊಟ್ಟಾಗ ಅವ್ರಿಗೇ ಕೊಡ್ಬೇಕು ಅಂತ ಯಾರು ಹೇಳಿದ್ರು? ಪರೀಕ್ಷೆ ತರ ಕೇಳ್ಬೇಡಿ, ಮಾತಿನ ಮಧ್ಯೆ ಬರ್ಲಿ. "ನಂಗೇನು ಗೊತ್ತು, ಅವರು ಬರ್ಕೊಂಡಿರ್ತಾರೆ" ಅನ್ನೋ ಉತ್ತರ ಅರ್ಧಕ್ಕಿಂತ ಜಾಸ್ತಿ ಮನೇಲಿ ಬಂದ್ರೆ ಮುಂದಿನ ಆರು ತಿಂಗಳು ಏನು ಕಲಿಸ್ಬೇಕು ಅಂತ ನಿಮಗೆ ಸಿಕ್ಕಂಗೆ.

ಹೆಜ್ಜೆ 2: ಮೀಟಿಂಗ್ ಕೂರೋ ರೀತಿ

ಟೈಮ್ ಮೊದ್ಲು. ನಿಮಗೆ ಅನುಕೂಲ ಆಗೋ ಹೊತ್ತಲ್ಲ, ಯಾರಿಗೆ ಬಿಡುವು ಕಮ್ಮಿ ಇದೆಯೋ ಅವರ ಹೊತ್ತು. ಕೂಲಿಗೆ ಹೋಗೋರು ಬರೋದು ಸಂಜೆ, ಡೈರಿಗೆ ಹಾಲು ಹಾಕೋರಿಗೆ ಅದೇ ಹೊತ್ತಲ್ಲಿ ಕೆಲಸ, ಅದಕ್ಕೆ ಎರಡೂ ಕಡೆಯೋರನ್ನ ಕೂರಿಸ್ಕೊಂಡೇ ತೀರ್ಮಾನ ಮಾಡಿ.

ಸುತ್ತ ಕೂತ್ಕೊಳಿ, ನಿಮಗೆ ಅಂತ ಚೇರ್ ಬೇಡ. ದುಡ್ಡು ಚಾಪೆ ಮಧ್ಯದಲ್ಲಿ ಇರ್ಲಿ, ಕಟ್ಟಿದ್ದು ಎಷ್ಟು ಅಂತ ಕಟ್ಟಿದೋರೇ ಜೋರಾಗಿ ಹೇಳ್ಲಿ, ಪಕ್ಕದಲ್ಲಿರೋರು ಎಣಿಸ್ಲಿ, ನೀವು ಮುಟ್ಟೋ ಅಗತ್ಯಾನೇ ಇಲ್ಲ. ಯಾವುದೇ ವಿಷಯಕ್ಕೆ ಅಭಿಪ್ರಾಯ ಕೇಳೋವಾಗ ನೀವು ಕೊನೇಲಿ ಮಾತಾಡಿ. ನೀವು ಮೊದ್ಲು "ಇವ್ರಿಗೆ ಕೊಡೋಣ ಅನ್ಸತ್ತೆ" ಅಂದ್ಬಿಟ್ರೆ ಆಮೇಲೆ ಯಾರೂ ಬೇರೆ ಹೇಳಲ್ಲ, ನಿಮ್ಮ ಮೇಲಿನ ಗೌರವಕ್ಕೇ ಹೇಳಲ್ಲ. ಆಫೀಸಲ್ಲಿ ಟೀಮ್ ಲೀಡ್ ಆಗಿರೋರು ಇದನ್ನ ಓದ್ತಿದ್ರೆ ನಾಳೆ ನಿಮ್ಮ ಮೀಟಿಂಗಲ್ಲೂ ಇದೊಂದನ್ನ ಮಾಡಿ ನೋಡಿ, ಎಷ್ಟು ಹೊಸ ಮಾತು ಹೊರಗೆ ಬರತ್ತೆ ಅಂತ.

ಹೆಜ್ಜೆ 3: ಪುಸ್ತಕ ಎಲ್ಲರ ಕೈಗೆ ಬರ್ಬೇಕು

ಪಂಚಸೂತ್ರ ಅಂತ ಟ್ರೈನಿಂಗಲ್ಲಿ ಬಾಯಿಪಾಠ ಮಾಡಿಸಿರ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ತಪ್ಪದೆ ಒಳಸಾಲ (ಸಂಘದ ದುಡ್ಡಲ್ಲೇ ಸದಸ್ಯರಿಗೆ ಕೊಡೋ ಸಾಲ), ಹೊತ್ತಿಗೆ ಸರಿಯಾಗಿ ಮರುಪಾವತಿ, ಪುಸ್ತಕ ಸರಿಯಾಗಿ ಬರೆಯೋದು. ಇದರಲ್ಲಿ ಐದನೇದು ಒಬ್ಬರ ಪಾಲಿಗೆ ಹೋಗ್ಬಿಡತ್ತೆ, ಅಲ್ಲೇ ಎಡವಟ್ಟು ಶುರು.

ಒಂದು ಗಟ್ಟಿ ನಿಯಮ ಮಾಡ್ಕೊಳಿ, ಪುಸ್ತಕ ಬರೆಯೋದು ಸಭೇಲೇ, ಮನೆಗೆ ತಗೊಂಡೋಗಿ ರಾತ್ರಿ ಕೂತು ಬರೆಯಂಗಿಲ್ಲ. ಸಭೆ ಮುಗಿಯೋ ಮುಂಚೆ ನಡಾವಳಿ (ಸಭೇಲಿ ಏನೇನು ತೀರ್ಮಾನ ಆಯ್ತು ಅನ್ನೋ ಬರಹ), ಇವತ್ತು ಬಂದ ದುಡ್ಡು, ಹೋದ ದುಡ್ಡು, ಕೈಲಿ ಉಳಿದಿದ್ದು ಇಷ್ಟನ್ನೂ ಜೋರಾಗಿ ಓದಿ ಹೇಳ್ಬೇಕು, ಆಮೇಲೆ ಸೈನು. ಬರೆಯೋಕೆ ಜೋಡಿ ಮಾಡಿ, ಬರೆಯೋಕೆ ಬರೋರು ಒಬ್ರು, ಕಲೀತಿರೋರು ಒಬ್ರು, ತಿಂಗಳಿಗೊಂದು ಜೋಡಿ. ಅಕ್ಷರ ಸೊಟ್ಟ ಬರತ್ತೆ, ಹೊಡೆದು ಬರೀತಾರೆ, ನಿಧಾನ ಆಗತ್ತೆ, ಬರ್ಲಿ ಬಿಡಿ. ಸುತ್ತಲಿನ ಸಂಘಗಳೆಲ್ಲ ಸೇರಿದ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು ಬಂದಾಗ ಅವರಿಗೂ ಹೇಳಿ, ತಪ್ಪಿದ್ರೆ ನೀವೇ ತಿದ್ದಿಕೊಡ್ಬೇಡಿ, ಬರೆದೋರ ಪಕ್ಕದಲ್ಲಿ ಕೂತು ತೋರಿಸಿ ಅಂತ.

ಓದೋಕೇ ಬರದೇ ಇರೋರು? ಅವರಿಗೆ ಲೆಕ್ಕ ಬರಲ್ಲ ಅನ್ಕೊಂಡ್ರೆ ಮೋಸ ಹೋಗ್ತೀರ. ಸಂತೇಲಿ ಸೊಪ್ಪು ಮಾರೋ ಅಜ್ಜಿ ಬಾಯಲ್ಲೇ ಮಾಡೋ ಲೆಕ್ಕ ನಾವು ಮೊಬೈಲ್ ತೆಗ್ಯೋ ಹೊತ್ತಿಗೆ ಮುಗ್ದಿರತ್ತೆ. ಕಲಿಸ್ಬೇಕಿರೋದು ಆ ಲೆಕ್ಕ ಹಾಳೆ ಮೇಲೆ ಎಲ್ಲಿ ಕೂರತ್ತೆ ಅನ್ನೋದನ್ನ ಅಷ್ಟೇ. ಶುರು ಮಾಡೋದಕ್ಕೆ ಅವರದ್ದೇ ಪಾಸ್‌ಬುಕ್ ಸಾಕು, ಅಂಕಿ ಮೊದ್ಲು, ಅಕ್ಷರ ಆಮೇಲೆ.

ಮೊದಲ ಪಾಠಕ್ಕೆ ಇದನ್ನ ತಗೊಳಿ, ಎಲ್ಲಾ ಸಂಘದಲ್ಲೂ ಇದು ಕೆಲಸಕ್ಕೆ ಬರತ್ತೆ. ಹತ್ತು ಸಾವಿರ ಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ ಒಂದು ಸಾವಿರ ಅಸಲಿನ ಹಾಗೆ ಹತ್ತು ಕಂತು. ಉಳಿದಿರೋ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ರೆ ಮೊದಲ ತಿಂಗಳು 200, ಎರಡನೇ ತಿಂಗಳು 180, ಹೀಗೆ ಇಳೀತಾ ಕೊನೇ ತಿಂಗಳು 20, ಒಟ್ಟು 1,100 ರೂಪಾಯಿ. ಅದೇ ಪೂರ್ತಿ ಹತ್ತು ಸಾವಿರಕ್ಕೂ ಕೊನೇವರೆಗೆ ಬಡ್ಡಿ ಹಾಕಿದ್ರೆ ತಿಂಗಳಿಗೆ 200ರ ಹಾಗೆ ಹತ್ತು ತಿಂಗಳಿಗೆ 2,000. ಎರಡಕ್ಕೂ ಹೆಸರು "ನೂರಕ್ಕೆ ಎರಡು" ಅಂತಾನೇ! ಕಡ್ಡಿನೋ ಹುಣಸೆ ಬೀಜನೋ ಇಟ್ಕೊಂಡು ತಿಂಗಳು ತಿಂಗಳು ತೆಗೀತಾ ಇದನ್ನ ಮಾಡಿಸಿ, 900 ರೂಪಾಯಿ ವ್ಯತ್ಯಾಸ ಕಣ್ಣಿಗೆ ಕಾಣ್ಬೇಕು. ಇದಾದ್ಮೇಲೆ ಹೊರಗಡೆ ಯಾರೇ ಸಾಲ ಕೊಡ್ತೀವಿ ಅಂತ ಬಂದ್ರೂ "ಬಡ್ಡಿ ಇಳಿಯತ್ತಾ, ಹಂಗೇ ಇರತ್ತಾ?" ಅಂತ ಮೊದ್ಲು ಕೇಳ್ತಾರೆ.

ಹೆಜ್ಜೆ 4: ಸಾಲ ಯಾರಿಗೆ ಮೊದಲು

ಚಿಕ್ಕದಾಗಿ ಹೇಳ್ತೀನಿ. ಕೇಳಿರೋರೆಲ್ಲರ ಹೆಸರು, ಮೊತ್ತ, ಕಾರಣ ಸಭೇಲಿ ಓದಿ. ಆಸ್ಪತ್ರೆ, ಮಕ್ಕಳ ಫೀಸು, ಬಿತ್ತನೆ ಇವೆಲ್ಲ ಕಾಯಲ್ಲ, ಟೀವಿ ಕಾಯತ್ತೆ. ಕೊಟ್ಟಿದ್ದಕ್ಕೂ ಕೊಡದೇ ಇದ್ದಿದ್ದಕ್ಕೂ ಕಾರಣ ನಡಾವಳೀಲಿ ಬರೀರಿ. ಪ್ರತಿನಿಧಿಗಳು ಮತ್ತೆ ಅವರ ನೆಂಟ್ರು ಕೊನೇ ಸಾಲಲ್ಲಿ ನಿಂತ್ಕೊಂಡ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ಹೆಜ್ಜೆ 5: ಕಂತು ತಪ್ಪಿದಾಗ

ನಿಮ್ಮ ನಾಯಕತ್ವ ಎಂಥದ್ದು ಅಂತ ಗೊತ್ತಾಗೋದು ಇಲ್ಲಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಎಷ್ಟೋ ಊರಲ್ಲಿ ರೂಢಿ ಏನಪ್ಪ ಅಂದ್ರೆ ಕಂತು ತಪ್ಪಿದ್ರೆ ಸಂಘದೋರೆಲ್ಲ ಒಟ್ಟಿಗೆ ಹೋಗಿ ಆ ಮನೆ ಬಾಗಿಲಲ್ಲಿ ಕೂತ್ಕೊಳೋದು, ದುಡ್ಡು ಕೊಡೋತನಕ ಏಳಲ್ಲ ಅನ್ನೋದು, ಅಕ್ಕಪಕ್ಕದೋರು ನೋಡ್ಲಿ ಅಂತಾನೇ ಜೋರಾಗಿ ಮಾತಾಡೋದು. ದುಡ್ಡು ಬರತ್ತೆ, ನಿಜ. ಬೇರೆ ಕಡೆ ನೂರಕ್ಕೆ ಐದು, ಹತ್ತು ಬಡ್ಡಿಗೆ ತಂದ ದುಡ್ಡು ಬರತ್ತೆ. ಆಮೇಲೆ ಆ ಹೆಂಗಸು ಸಂಘಕ್ಕೆ ಬರೋದು ಬಿಡ್ತಾಳೆ, ಕೆಲವು ಸಲ ಊರೇ ಬಿಡ್ತಾಳೆ. ಸಾಲ ವಸೂಲಿ ಕಿರುಕುಳಕ್ಕೆ ಜನ ಜೀವ ಕಳ್ಕೊಂಡು, 2025ರಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಅಂತಾನೇ ಸುಗ್ರೀವಾಜ್ಞೆ ತರ್ಬೇಕಾಯ್ತು, ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಅದು ಸಾಲದ ಕಂಪನಿಗಳನ್ನ ನೋಡಿ ಮಾಡಿದ್ದು, ಸರಿ. ಆದ್ರೆ ಅವರು ಮಾಡೋದನ್ನೇ ನಾವು ನಮ್ಮ ಅಕ್ಕತಂಗಿಯರಿಗೆ ಮಾಡಿದ್ರೆ ನಮ್ಮನ್ನ ಸಂಘ ಅಂತ ಯಾಕೆ ಕರೀಬೇಕು?

ಬದಲಿಗೆ ಹೀಗೆ ಮಾಡಿ. ಒಂದು ಕಂತು ತಪ್ಪಿದ ವಾರಾನೇ ಹೋಗಿ, ಮೂರು ತಪ್ಪೋವರೆಗೆ ಕಾಯ್ಬೇಡಿ. ಒಬ್ರೇ ಹೋಗಿ, ಇಲ್ಲ ಅವರಿಗೆ ಹತ್ರ ಇರೋ ಇನ್ನೊಬ್ಬರ ಜೊತೆ ಹೋಗಿ. ಗಂಡ, ಅತ್ತೆ, ಮಕ್ಕಳ ಮುಂದೆ ದುಡ್ಡಿನ ಮಾತು ತೆಗೀಬೇಡಿ. ಶುರು ಮಾಡೋದು ಹಿಂಗಿರ್ಲಿ: "ಅಕ್ಕ, ಎರಡು ವಾರದಿಂದ ಸಭೇಲಿ ಕಾಣ್ಲಿಲ್ವಲ್ಲ, ಹುಷಾರಿಲ್ವಾ ಏನ್ಕಥೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ." ಆಮೇಲೆ ಬಾಯ್ಮುಚ್ಕೊಂಡು ಕೇಳಿ. ಅಲ್ಲಿ ಟೊಮೇಟೊ ರೇಟ್ ಬಿದ್ದಿರತ್ತೆ, ಹಸು ಕೆಚ್ಚಲು ಬಾವು ಬಂದು ಹಾಲು ನಿಂತಿರತ್ತೆ, ಗಂಡ ಕುಡಿದು ಇಟ್ಟಿದ್ದ ದುಡ್ಡು ತಗೊಂಡೋಗಿರ್ತಾನೆ. ಮನೇಲಿ ಹೊಡೆತ ಬಡಿತ ನಡೀತಿದೆ ಅಂತ ಗೊತ್ತಾದ್ರೆ ಕಂತಿನ ಮಾತು ಅವತ್ತು ಬಿಡಿ, 181 ಮಹಿಳಾ ಸಹಾಯವಾಣಿ ನಂಬರ್ ಕೊಟ್ಟು, ಬೇಕಂದ್ರೆ ನಾನೂ ಜೊತೆಗೆ ಬರ್ತೀನಿ ಅಂತ ಹೇಳಿ.

ಆಮೇಲೆ ಇಬ್ರೂ ಕೂತು ಒಂದು ಹಾಳೇಲಿ ಆ ಮನೆ ಪೂರ್ತಿ ಸಾಲ ಬರೀರಿ. ಯಾರಿಗೆ, ಎಷ್ಟು ಬಾಕಿ, ಕಂತೆಷ್ಟು, ಯಾವ ವಾರ ಕಟ್ಬೇಕು, ಇಷ್ಟೇ. ಸಂಘದ ಸಾಲ ಒಂದೇ ಅನ್ಕೊಂಡಿದ್ರೆ ಆಶ್ಚರ್ಯ ಕಾದಿರತ್ತೆ, ಒಂದೇ ಮನೇಲಿ ಮೂರು ನಾಲ್ಕು ಕಡೆ ಸಾಲ ಇರೋದು ಈಗ ಮಾಮೂಲು, ಒಂದರ ಕಂತು ಕಟ್ಟೋಕೆ ಇನ್ನೊಂದು ತೆಗೆದಿರ್ತಾರೆ. ಇದನ್ನ ಹಾಳೆ ಮೇಲೆ ನೋಡಿದ್ದು ಆ ಅಕ್ಕಾನೂ ಬಹುಶಃ ಮೊದಲ್ನೇ ಸಲ ಇರತ್ತೆ. ಆ ಹಾಳೆ ಅವರದ್ದು, ಅವರ ಹತ್ರಾನೇ ಬಿಡಿ, ಫೋಟೋ ಹೊಡ್ಕೊಂಡು ವಾಟ್ಸಾಪ್ ಗ್ರೂಪಿಗೆ ಹಾಕೋ ಕೆಲಸ ಮಾಡ್ಬೇಡಿ ದಯವಿಟ್ಟು.

ಮುಂದೆ ದಾರಿ ಹುಡುಕೋದು. ಆರು ಸಾವಿರ ಬಾಕಿ ಇದೆ, ತಿಂಗಳಿಗೆ ಸಾವಿರ ಆಗಲ್ಲ ಅಂದ್ರೆ ಐನೂರರ ಹಾಗೆ ಹನ್ನೆರಡು ಕಂತು ಮಾಡ್ಬಹುದು. ಹಿಂಗೆ ಮಾಡಿದ್ರೆ, ಅದೇ ಇಳಿಯೋ ನೂರಕ್ಕೆ ಎರಡರ ಲೆಕ್ಕದಲ್ಲಿ, ಬಡ್ಡಿ 420 ಆಗ್ತಿದ್ದದ್ದು 780 ಆಗತ್ತೆ, ಈ 360 ಜಾಸ್ತೀನ ಮುಚ್ಚಿಡದೆ ಮೊದ್ಲೇ ಹೇಳಿ. ಇಲ್ಲಾ ಎರಡು ತಿಂಗಳು, ತಿಂಗಳಿಗೆ 120ರ ಹಾಗೆ, ಬಡ್ಡಿ ಮಾತ್ರ ಕಟ್ಟಿ, ಬೆಳೆ ಬಂದ್ಮೇಲೆ ಅಸಲು ಶುರು ಮಾಡ್ಬಹುದು. ಯಾವುದು ಆಗತ್ತೆ ಅಂತ ಅವರೇ ಆರಿಸ್ಲಿ, ಸಭೇಲಿ ಅವರೇ ಹೇಳ್ಲಿ, ಸಭೆ ಒಪ್ಪಿ ನಡಾವಳೀಲಿ ಬರೀಲಿ. ಮನೇಲಿ ಕೇಳಿದ ಗುಟ್ಟು ಸಭೆಗೆ ಬರಬಾರ್ದು, "ಮನೇಲಿ ಕಷ್ಟ ಇದೆ, ನಾನು ನೋಡಿದೀನಿ" ಅಂತ ನೀವು ಹೇಳಿದ್ರೆ ಸಾಕು.

ಹಾಗಂತ ಮಾನವೀಯತೆ ಅಂದ್ರೆ ಸಾಲ ಬಿಟ್ಬಿಡೋದಲ್ಲ. ಅದು ಉಳಿದ ಹದಿನಾಲ್ಕು ಜನರ ವಾರ ವಾರದ ಐವತ್ತು ರೂಪಾಯಿ, ಅವರಲ್ಲೂ ಬಡವರಿದಾರೆ. ಆಗೋ ಶಕ್ತಿ ಇದ್ದೂ ಕಟ್ಟದೇ ಇರೋರು ಇರ್ತಾರೆ, ಅವರಿಗೂ ಮೊದ್ಲು ಒಬ್ರೇ ಹೋಗಿ ಹೇಳಿ, ಆಮೇಲೆ ಸಭೇಲಿ ನೇರವಾಗಿ ಕೇಳಿ, ಹೊಸ ಸಾಲ ನಿಲ್ಸಿ, ಉಳಿತಾಯದಲ್ಲಿ ಮುರ್ಕೊಳೋ ನಿಯಮ ನಿಮ್ಮ ಸಂಘದಲ್ಲಿದ್ರೆ ಅದನ್ನ ಎಲ್ಲರಿಗೂ ಒಂದೇ ತರ ಹಾಕಿ. ಬೈಗುಳ ಬೇಡ, ಮನೆ ಸಾಮಾನು ಮುಟ್ಟೋದಂತೂ ಬೇಡ್ವೇ ಬೇಡ. ನಿಯಮ ಗಟ್ಟಿ ಇರ್ಲಿ, ನಾಲಿಗೆ ಮೆತ್ತಗಿರ್ಲಿ.

ಹೆಜ್ಜೆ 6: ಪ್ರತಿ ಸಭೇಲಿ ಹದಿನೈದು ನಿಮಿಷದ ಪಾಠ

ಪಂಚಸೂತ್ರಕ್ಕೆ ಆಮೇಲೆ ಇನ್ನೈದು ಸೇರಿ ದಶಸೂತ್ರ ಆಯ್ತು, ಆರೋಗ್ಯ, ಶಿಕ್ಷಣ, ಪಂಚಾಯ್ತಿಲಿ ಭಾಗವಹಿಸೋದು, ಸರ್ಕಾರದ ಸೌಲಭ್ಯ, ಜೀವನೋಪಾಯ ಅಂತ. ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ಯಾರೋ ಬಂದು ಎರಡು ಗಂಟೆ ಭಾಷಣ ಮಾಡಿ, ಫೋಟೋ ತೆಗ್ಸಿ, ಹೋದ್ರೆ ಅದು ಕಲಿಕೆ ಅಲ್ಲ. ದೊಡ್ಡೋರು ಕಲಿಯೋದು ನಾಳೆ ಬೇಕಾಗಿರೋದನ್ನ, ಇವತ್ತು ತಾವೇ ಕೇಳಿದ್ದನ್ನ. ಅದಕ್ಕೆ ಮುಂದಿನ ವಾರ ಏನು ಬೇಕು ಅಂತ ಸಭೆ ಕೊನೇಲಿ ಕೇಳಿ, ಅವರು ಹೇಳಿದ್ದೇ ವಿಷಯ.

ಕಲಿಸೋರು ಮೊದ್ಲು ಸಂಘದ ಒಳಗೇ ಸಿಗ್ತಾರೆ. ಹಪ್ಪಳ ಸಂಡಿಗೆ ಮಾಡಿ ಮಾರೋರು, ರೇಷ್ಮೆ ಸಾಕೋರು, ನರೇಗಾದಲ್ಲಿ ಕೆಲಸ ಕೇಳೋಕೆ ಅರ್ಜಿ ಬರೆದಿರೋರು, ಗೃಹಲಕ್ಷ್ಮಿ ದುಡ್ಡು ನಿಂತೋಗಿದ್ದಾಗ ಆಫೀಸ್ ಅಲೆದು ಸರಿ ಮಾಡಿಸ್ಕೊಂಡೋರು. ಯಾರಿಗೆ ಏನು ಬರತ್ತೆ ಅಂತ ನಡಾವಳಿ ಪುಸ್ತಕದ ಹಿಂದಿನ ಹಾಳೇಲಿ ಪಟ್ಟಿ ಮಾಡಿ. "ನಂಗೇನೂ ಬರಲ್ಲ" ಅನ್ನೋರ ಹೆಸರಿನ ಮುಂದೆ ಏನಾದ್ರೂ ಬರೆಯೋವರೆಗೆ ಪಟ್ಟಿ ಮುಗಿಸ್ಬೇಡಿ.

ಫೋನ್ ಪಾಠ ಈಗ ಮೊದಲ ತಿಂಗಳಲ್ಲೇ ಬೇಕು. ದುಡ್ಡು ಕಳಿಸೋಕೆ ಪಿನ್ ಬೇಕು, ನಮಗೆ ದುಡ್ಡು ಬರೋಕೆ ಪಿನ್ ಒತ್ತೋ ಅಗತ್ಯಾನೇ ಇಲ್ಲ, ಇದೊಂದು ಮಾತು ತಲೇಲಿ ಕೂತ್ರೆ ಎಷ್ಟೋ ಮೋಸ ತಪ್ಪತ್ತೆ. ಒಟಿಪಿ ಮಗನಿಗೂ ಫೋನಲ್ಲಿ ಹೇಳ್ಬೇಡಿ ಅಂತ ಹೇಳಿ. ದುಡ್ಡು ಹೋಯ್ತು ಅಂತ ಗೊತ್ತಾದ ತಕ್ಷಣ 1930ಕ್ಕೆ ಕಾಲ್ ಮಾಡೋದನ್ನ ಬರೀ ಹೇಳ್ಬೇಡಿ, ಎಲ್ಲರ ಫೋನಲ್ಲೂ ಆ ನಂಬರ್ ಸೇವ್ ಮಾಡಿಸಿ.

ಬ್ಯಾಂಕಿಗೆ ಹೋಗೋವಾಗ ಪ್ರತಿ ಸಲ ಬೇರೆ ಬೇರೆಯೋರನ್ನ ಜೊತೆಗೆ ಕರ್ಕೊಂಡೋಗಿ, ಚಲನ್ ಅವರೇ ಬರೀಲಿ, ಕೌಂಟರಲ್ಲಿ ಅವರೇ ಮಾತಾಡ್ಲಿ, ನೀವು ಹಿಂದೆ ನಿಂತ್ಕೊಳಿ. ಸಂಘ ಆರು ತಿಂಗಳು ಸರಿಯಾಗಿ ನಡೆದಿದ್ರೆ ಬ್ಯಾಂಕ್ ಸಾಲಕ್ಕೆ ಅರ್ಹ, ಸಂಜೀವಿನಿ ಸಂಘಕ್ಕೆ 20 ಲಕ್ಷದವರೆಗೆ ಅಡಮಾನ ಕೇಳಂಗಿಲ್ಲ, ಇಂಥ ವಿಷಯ ಒಬ್ಬ ಪ್ರತಿನಿಧಿಗೆ ಮಾತ್ರ ಗೊತ್ತಿದ್ರೆ ಅವರೇ ದೊಡ್ಡ ಮನುಷ್ಯರಾಗ್ಬಿಡ್ತಾರೆ, ಹದಿನೈದು ಜನಕ್ಕೂ ಗೊತ್ತಿದ್ರೆ ಬ್ಯಾಂಕಿನೋರೂ ಸರಿಯಾಗಿ ಮಾತಾಡ್ತಾರೆ.

ಪಂಚಾಯ್ತಿ ಲೈಬ್ರರಿ ಈಗ ಅರಿವು ಕೇಂದ್ರ ಆಗಿದೆ, ಎಷ್ಟೋ ಕಡೆ ಕಂಪ್ಯೂಟರ್ ಕೂಡ ಇದೆ, ಅದು ಬರೀ ಮಕ್ಕಳಿಗಲ್ಲ. ಒಂದು ಸಭೇನ ಅಲ್ಲೇ ಇಟ್ಕೊಳಿ. ಇನ್ನು 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ಹಂಗಾಗಿ ಪಕ್ಕದ ತಾಲೂಕಲ್ಲಿ ಚೆನ್ನಾಗಿ ನಡೀತಿರೋ ಸಂಘ ನೋಡ್ಕೊಂಡು ಬರೋಕೆ ಯಾವ ಸಂಸ್ಥೆ ಗಾಡಿ ಮಾಡತ್ತೆ ಅಂತ ಕಾಯ್ಬೇಕಿಲ್ಲ. ಬುತ್ತಿ ಕಟ್ಕೊಂಡು ಹೊರಡಿ. ನನ್ನ ಕೇಳಿದ್ರೆ ಇನ್ನೊಂದು ಸಂಘದ ಸಭೇಲಿ ಒಂದು ಗಂಟೆ ಸುಮ್ನೆ ಕೂತು ಬರೋದು ಎಷ್ಟೋ ಟ್ರೈನಿಂಗಿಗಿಂತ ವಾಸಿ.

ಇನ್ನೊಂದು, ಕಲೀತಿರೋರು ತಪ್ಪು ಮಾಡಿದಾಗ ಎಲ್ಲರ ಮುಂದೆ ನಗೋದು ನಿಲ್ಸಿ. ನಲವತ್ತು ದಾಟಿದ ಹೆಂಗಸು ಮೊದಲ್ನೇ ಸಲ ಪೆನ್ ಹಿಡಿದಾಗ ಒಂದ್ಸಲ ನಕ್ರೆ ಸಾಕು, ಮತ್ತೆ ಹಿಡಿಯಲ್ಲ.

ಹೆಜ್ಜೆ 7: ಬಿಟ್ಟುಕೊಡೋದು

ಪ್ರತಿನಿಧಿ ಅವಧಿ ಒಂದು ವರ್ಷ, ಹೆಚ್ಚಂದ್ರೆ ಎರಡು ಅಂತ ಮೊದಲ್ನೇ ದಿನಾನೇ ನಡಾವಳೀಲಿ ಬರೆಸ್ಬಿಡಿ, ಆಮೇಲೆ ಬರೆಸೋಕೆ ನಿಮಗೇ ಮನಸ್ಸು ಬರಲ್ಲ. ಇಬ್ಬರು ಪ್ರತಿನಿಧಿಗಳಿದ್ರೆ ಇಬ್ರನ್ನೂ ಒಟ್ಟಿಗೆ ಬದಲಾಯಿಸ್ಬೇಡಿ, ಒಬ್ರು ಹಳಬರು ಇರ್ಲಿ. ಬರೋರಿಗೆ ಮೂರು ತಿಂಗಳು ಮೊದ್ಲೇ ಹೇಳಿ, ಆ ಮೂರು ತಿಂಗಳು ಸಭೆ ಅವರೇ ನಡೆಸ್ಲಿ, ನೀವು ಜೊತೆಗಿರಿ. ಮಧ್ಯದಲ್ಲಿ ಒಂದು ವಾರ ಬೇಕಂತಾನೇ ಸಭೆಗೆ ಹೋಗ್ಬೇಡಿ, ನೆಂಟರ ಮನೆಗೆ ಹೋಗಿ, ಫೋನ್ ಮಾಡಿ "ಏನಾಯ್ತು" ಅಂತಾನೂ ಕೇಳ್ಬೇಡಿ. ವಾಪಸ್ ಬಂದು ಪುಸ್ತಕ ನೋಡಿ. ಲೆಕ್ಕ ಸರಿ ಇದ್ಯಾ, ಯಾರ ಸಾಲದ ವಿಷಯಕ್ಕಾದ್ರೂ ತೀರ್ಮಾನ ತಗೊಂಡಿದಾರಾ, ಇಲ್ಲ "ಅಕ್ಕ ಬಂದ್ಮೇಲೆ ನೋಡೋಣ" ಅಂತ ಮುಂದಕ್ಕೆ ಹಾಕಿದಾರಾ? ಮುಂದಕ್ಕೆ ಹಾಕಿದ್ರೆ ನೀವಿನ್ನೂ ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ, ಇನ್ನೊಂದೆರಡು ಸಲ ಹಿಂಗೇ ಮಾಡಿ.

ಯಾರೂ ಒಪ್ತಿಲ್ಲ ಅಂದ್ರೆ ಕೆಲಸ ಒಡೀರಿ, ಬ್ಯಾಂಕಿಗೆ ಒಬ್ರು, ಒಕ್ಕೂಟದ ಸಭೆಗೆ ಒಬ್ರು, ಪುಸ್ತಕಕ್ಕೆ ಒಬ್ರು ಅಂತ. "ಇಷ್ಟೆಲ್ಲ ನಂಗಾಗಲ್ಲ" ಅಂದೋರು "ಇಷ್ಟಾದ್ರೆ ಮಾಡ್ತೀನಿ" ಅಂತಾರೆ.

ಬ್ಯಾಂಕಲ್ಲಿ ಸಹಿ ಬದಲಾಯಿಸೋಕೆ ಸಂಘದ ನಿರ್ಣಯದ ಪ್ರತಿ, ಹೊಸಬರ ಫೋಟೋ, ಆಧಾರ್, ಪಾನ್ ಇದ್ರೆ ಅದೂ, ಇಷ್ಟು ತಗೊಂಡು ಹಳಬರು ಹೊಸಬರು ಒಟ್ಟಿಗೆ ಹೋಗಿ. ಚೆಕ್‌ಬುಕ್, ಪಾಸ್‌ಬುಕ್, ಸೀಲು, ಪುಸ್ತಕ ಎಲ್ಲಾ ಸಭೆ ಮಧ್ಯದಲ್ಲಿ ಪಟ್ಟಿ ಮಾಡಿ ಕೊಟ್ಟು ಸೈನ್ ತಗೊಳಿ, ಬ್ಯಾಂಕಿಗೆ ಜೋಡಿಸಿರೋ ಮೊಬೈಲ್ ನಂಬರನ್ನೂ ಹೊಸಬರದ್ದಕ್ಕೆ ಬದಲಾಯಿಸಿ, ಇದನ್ನ ಎಲ್ಲರೂ ಮರೀತಾರೆ, ಆಮೇಲೆ ಮೆಸೇಜೆಲ್ಲ ಹಳಬರಿಗೇ ಬರ್ತಿರತ್ತೆ. ಮುಂದಿನ ತಿಂಗಳು ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬಂದಾಗ ನಗದು ಪುಸ್ತಕದ ಜೊತೆ ತಾಳೆ ನೋಡೋಕೆ ಹೊಸಬರು ಕರೆದ್ರೆ ಹೋಗಿ, ಕರೀದೇ ಇದ್ರೆ ಹೋಗ್ಬೇಡಿ.